ರಾಷ್ಟ್ರಧ್ವಜವೂ ಕನ್ನಡನಾಡೂ
(ಟಿ. ದಾಸರಹಳ್ಳಿಯಲ್ಲಿ ನಡೆದ ಉಪನ್ಯಾಸದ ಪಾಠ)



ಬಟ್ಟೆಯು ಬರಿಯ ಬಟ್ಟೆಯಾಗಿರುವ ತನಕ ಅದಕ್ಕೆ ಗಜದ ಲೆಕ್ಕದಲ್ಲಿ ಬೆಲೆಯುಂಟು. ಧ್ವಜವಾದ ಬಳಿಕ ಆ ಲೆಕ್ಕವು ನಡೆಯದು. ಟಿ. ದಾಸರಹಳ್ಳಿಯಿಂದ ಪೀಣ್ಯದವರೆಗೆ ಕಾರ್ಖಾನೆಗಳ ಅಂಗಳಗಳಲ್ಲಿ ಆಗಸ್ಟ್ ೧೫ರ ಬೆಳಗ್ಗೆ ತ್ರಿವರ್ಣ ಧ್ವಜವು ಏರುವುದನ್ನು ಇಲ್ಲಿಯ ಜನರು ವರ್ಷವರ್ಷವೂ ಕಾಣುತ್ತಿರುವರು. ತಡೆಯುವವರಿಲ್ಲ, ಸಿಹಿ ಹಂಚುವವರುಂಟು. ಆದರೆ ಇದೇ ಮೈಸೂರು ಸೀಮೆಯಲ್ಲಿ ಈ ಧ್ವಜದ ಪೂರ್ವರೂಪವನ್ನು ಏರಿಸಿದುದೇ ಅಪರಾಧವೆಂದು ಎಣಿಸಲ್ಪಟ್ಟ ಕಾಲವೊಂದಿದ್ದಿತು.

ಧ್ವಜದ ಹುಟ್ಟನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೦೭ರಲ್ಲಿ ಭಿಕಾಯಿಜಿ ಕಾಮಾ ಎಂಬ ಮಹಿಳೆಯು ಜರ್ಮನಿಯ ಸ್ಟುಟ್ಗಾರ್ಟ್ ನಗರದ ಸಭೆಯಲ್ಲಿ ಭಾರತದ ಹೆಸರಿನ ಧ್ವಜವೊಂದನ್ನು ಬಿಚ್ಚಿದಳು. ೧೯೨೧ರಲ್ಲಿ ಪಿಂಗಳಿ ವೆಂಕಯ್ಯನವರು ಬೆಜವಾಡದಲ್ಲಿ ಕೆಂಪು ಹಸುರುಗಳ ಧ್ವಜವನ್ನು ಗಾಂಧೀಜಿಯವರಿಗೆ ಒಪ್ಪಿಸಿದರು. ಬಿಳಿಯ ಪಟ್ಟಿಯೂ ಚರಕವೂ ಅದಕ್ಕೆ ಸೇರಿದುವು. ಬಣ್ಣಗಳನ್ನು ಒಂದೊಂದು ಮತಕ್ಕೆ ಹಂಚಿ ಅರ್ಥಮಾಡುವ ಅಭ್ಯಾಸವು ಜಗಳಕ್ಕೆ ಎಡೆಗೊಡುತ್ತಿದ್ದುದರಿಂದ, ೧೯೩೧ರಲ್ಲಿ ಕಾಂಗ್ರೆಸ್ಸು ಕೇಸರಿ, ಬಿಳುಪು, ಹಸುರು ಎಂಬ ಕ್ರಮವನ್ನು ಗೊತ್ತುಮಾಡಿ, ಇವುಗಳಿಗೆ ಮತಸಂಬಂಧವಾದ ಅರ್ಥವಿಲ್ಲವೆಂದು ಸಾರಿತು. ಈ ನಿರ್ಣಯವನ್ನು ಇಂದಿಗೂ ಅನೇಕರು ಮರೆತು ಮಾತನಾಡುತ್ತಿರುವುದು ವಿಷಾದಕರ.

೧೯೨೩ರ ನಾಗಪುರದ ಧ್ವಜಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಸ್ವಯಂಸೇವಕರನ್ನು ಕರೆದೊಯ್ದು ಸೆರೆಮನೆಯನ್ನು ಕಂಡವರು ಡಾಕ್ಟರ್ ನಾ. ಸು. ಹರ್ಡೀಕರರು. ಅಲ್ಲಿಂದ ಮರಳಿದ ಮೇಲೆ ಅವರು ಕಟ್ಟಿದ ಹಿಂದೂಸ್ತಾನಿ ಸೇವಾದಳವು ಧ್ವಜವಂದನೆಗೆ ಶಿಸ್ತನ್ನೂ ಕ್ರಮವನ್ನೂ ತಂದಿತು.

ಮೈಸೂರು ಸಂಸ್ಥಾನದ ಕಥೆ ಬೇರೆ. ಇಲ್ಲಿ ಆಳುತ್ತಿದ್ದವರು ಪ್ರಜೆಗಳ ಗೌರವಕ್ಕೆ ಪಾತ್ರರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಗಂಡಭೇರುಂಡದ ಲಾಂಛನವು ಜನರ ಮನಸ್ಸಿನಲ್ಲಿ ನೆಲೆಗೊಂಡಿದ್ದಿತು. ಆದುದರಿಂದ ಮತ್ತೊಂದು ಧ್ವಜವನ್ನು ಏರಿಸುವುದು ರಾಜದ್ರೋಹವೇ, ದೇಶಭಕ್ತಿಯೇ ಎಂಬ ಪ್ರಶ್ನೆಯು ಸುಲಭದ್ದಾಗಿರಲಿಲ್ಲ. ೧೯೩೮ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಕೂಡಿ, ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನೇರಿಸಿತು, ಮುಖಂಡರು ಬಂಧಿತರಾದರು. ಸುತ್ತಲ ಗ್ರಾಮಗಳ ಒಕ್ಕಲಮಕ್ಕಳು ಸಹಸ್ರಸಂಖ್ಯೆಯಲ್ಲಿ ನೆರೆದುದೇ ಅಲ್ಲಿಯ ವಿಶೇಷ. ಅಲ್ಲಿಯವರೆಗೆ ಪೇಟೆಯ ವಿದ್ಯಾವಂತರ ಮಾತಾಗಿದ್ದ ಚಳವಳಿಯು ಅಂದು ಹೊಲಗದ್ದೆಗಳಿಗೆ ಇಳಿಯಿತು.

ಅದೇ ತಿಂಗಳ ೨೫ರಂದು ಗೌರಿಬಿದನೂರಿನ ಬಳಿ ವಿದುರಾಶ್ವತ್ಥದಲ್ಲಿ ನಡೆದುದು ಘೋರ. ಧ್ವಜಾರೋಹಣಕ್ಕೆಂದು ನೆರೆದ ಜನಸಮೂಹದ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮಡಿದವರು ೧೦ ಮಂದಿಯೆಂದು ಸರ್ಕಾರದ ಲೆಕ್ಕ. ೩೦ಕ್ಕೂ ಮಿಗಿಲೆಂದು ಜನರ ಲೆಕ್ಕ. ಎರಡು ಲೆಕ್ಕಗಳ ನಡುವಣ ಆ ಅಂತರದಲ್ಲಿ ಎಷ್ಟು ಮನೆಗಳ ದೀಪಗಳು ನಂದಿಹೋಗಿದ್ದಿರಬೇಕು! ಜನರು ಈ ಸ್ಥಳವನ್ನು ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಕರೆದರು. ಬಳಿಕ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತನಾಡಿದರು. ಒಪ್ಪಂದವಾಗಿ, ರಾಷ್ಟ್ರಧ್ವಜವನ್ನು ಸಂಸ್ಥಾನದ ಧ್ವಜದ ಜೊತೆಯಲ್ಲಿ ಏರಿಸುವುದಕ್ಕೆ ಅನುಮತಿ ದೊರೆಯಿತು. ಒಂದು ತಿಂಗಳ ಹಿಂದೆಯೇ ಈ ಮಾತು ನಡೆದಿದ್ದರೆ ವಿದುರಾಶ್ವತ್ಥದ ಮಣ್ಣು ನೆನೆಯುತ್ತಿರಲಿಲ್ಲ.

೧೯೪೭ರ ಜುಲೈ ೨೨ರಂದು ಸಂವಿಧಾನ ಸಭೆಯು ಧ್ವಜವನ್ನು ಅಂಗೀಕರಿಸಿದಾಗ ಚರಕದ ಸ್ಥಾನದಲ್ಲಿ ಸಾರನಾಥದ ಅಶೋಕಸ್ತಂಭದ ಚಕ್ರವು ಬಂದಿತು. ಚರಕವು ಹಿಂಬದಿಯಿಂದ ತಿರುಗುಮುರುಗಾಗಿ ಕಾಣುವುದು. ಚಕ್ರಕ್ಕೆ ಆ ತೊಡಕಿಲ್ಲ. ಒಂದು ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ನರು ಅಂದು ಅದರ ಅರ್ಥವನ್ನು ವಿವರಿಸಿದರು: ಕೇಸರಿಯು ನಾಯಕರಿಗೆ ಇರಬೇಕಾದ ನಿರ್ಲೋಭ, ಬಿಳುಪು ಸತ್ಯದ ಬೆಳಕು, ಹಸುರು ಮಣ್ಣಿನೊಡನೆಯ ಸಂಬಂಧ, ಚಕ್ರವು ಧರ್ಮ ಮತ್ತು ಚಲನೆ. ನಿರ್ಲೋಭವನ್ನು ಎಲ್ಲಕ್ಕಿಂತ ಮೇಲಿನ ಪಟ್ಟಿಯಲ್ಲಿ ಇಟ್ಟುದು ಚಿಂತನೀಯ.

ಚರಕವು ಚಿತ್ರದಿಂದ ಹೋದರೂ ಬಟ್ಟೆಯಲ್ಲಿ ಉಳಿಯಿತು. ಧ್ವಜವು ಕೈನೂಲಿನ, ಕೈಮಗ್ಗದ ಖಾದಿಯದೇ ಆಗಿರಬೇಕೆಂಬ ನಿಯಮದಿಂದ ಧಾರವಾಡ ಸೀಮೆಗೆ ದೊಡ್ಡ ಹೊಣೆಯು ಬಂದಿತು. ಗರಗ ಗ್ರಾಮದ ಖಾದಿಯು ಧ್ವಜಕ್ಕಾಗಿ ಹೆಸರಾಯಿತು. ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜಗಳನ್ನು ಸಿದ್ಧಪಡಿಸಿತು. ಕದಿರ ರೆಮ್ಮವ್ವೆಯನ್ನು ಶರಣೆಯೆಂದು ನೆನೆಯುವವರಿಗೆ ನೂಲುವ ಕಾಯಕದ ಘನತೆಯನ್ನು ಬೇರೆ ಹೇಳಬೇಕಾಗಿಲ್ಲ.

೨೦೨೧ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಯು ತಿದ್ದಲ್ಪಟ್ಟು, ಯಂತ್ರದಿಂದ ಮಾಡಿದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ದೊರೆಯಿತು. ಮರುವರ್ಷ ಮನೆಮನೆಯ ಮೇಲೂ ಧ್ವಜವು ಹಾರಿತು. ಬಡವನ ಕೈಗೂ ಅದು ಎಟುಕಿದುದು ಸಂತೋಷವೇ. ಆದರೆ ಬೆಂಗೇರಿಯ ಸಂಘವು ತನ್ನ ಕೆಲಸಗಾರರ ಅನ್ನಕ್ಕೆ ಕುತ್ತು ಬಂದಿತೆಂದು ಪ್ರತಿಭಟಿಸಿತು, ಅದು ನ್ಯಾಯವಾದ ದೂರೇ ಸರಿ. ಅಗ್ಗದ ಧ್ವಜವನ್ನು ಕೊಳ್ಳುವವನು ಉಳಿಸಿದ ಹಣವು ನೂಲುವವಳ ಕೂಲಿಯಿಂದ ಕಳೆದುದಾಗಿರುವುದು.

ಬೆಂಗೇರಿಯಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ೬ ಅಂಗುಲ ಉದ್ದದ ಮೇಜಿನ ಧ್ವಜದಿಂದ ೨೧ ಅಡಿ ಉದ್ದದ ಮಹಾಧ್ವಜದವರೆಗೆ ಒಂಬತ್ತು ಅಳತೆಗಳುಂಟು. ಯಾವುದಾದರೂ ಉದ್ದಗಲವು ಮೂರಕ್ಕೆ ಎರಡೇ. ಇಪ್ಪತ್ತನಾಲ್ಕು ಅರೆಗಳ ನೀಲಿ ಚಕ್ರವನ್ನು ಬಟ್ಟೆಯ ಎರಡು ಮುಖಗಳಲ್ಲಿಯೂ ಅಚ್ಚುಹಾಕಿ, ಅರೆಯ ಬೆನ್ನಿಗೆ ಅರೆಯು ಕೂಡಿತೇ ಎಂದು ನೋಡುವರು. ಕೂಡದಿದ್ದರೆ ಆ ಧ್ವಜವು ಕಂಬವನ್ನೇರದು.