ಸಂತೆಯ ಕಲ್ಲಿನ ಸಾಕ್ಷ್ಯ

ಇಂಗ್ಲೆಂಡಿನ ಹಲವು ಹಳೆಯ ಪಟ್ಟಣಗಳಲ್ಲಿ ಸಂತೆ ನೆರೆಯುವ ಬಯಲಿನಲ್ಲಿ ಒಂದು ಶಿಲಾಸ್ಮಾರಕ ನಿಂತಿರುತ್ತದೆ. ಅದನ್ನು ‘ಮಾರ್ಕೆಟ್ ಕ್ರಾಸ್’ ಎನ್ನುತ್ತಾರೆ. ನಾವು ಸಂತೆಯ ಶಿಲುಬೆ ಎನ್ನಬಹುದು. ಕೊಡುವವರಿಗೂ ಕೊಳ್ಳುವವರಿಗೂ ದೇವರ ನೆನಪಿರಲಿ ಎಂಬುದು ಅದರ ಹಿಂದಿನ ಆಶಯಗಳಲ್ಲಿ ಒಂದು. ವಿಲ್ಟ್‌ಷೈರ್ ಪ್ರಾಂತದ ಡಿವೈಜಸ್ ಪಟ್ಟಣದ ಶಿಲುಬೆ ಬಹಳ ಪ್ರಾಚೀನವೇನಲ್ಲ, 1814ರದು. ಆದರೂ ಅದರ ಮೇಲಿನ ಎರಡು ಶಾಸನಗಳು ನನ್ನನ್ನು ಕಾಡುತ್ತವೆ.

ಒಂದು ಶಾಸನ ದಾನಿಯದು. 1801ರಿಂದ 1804ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಹೆನ್ರಿ ಆಡಿಂಗ್ಟನ್ ಮುಂದೆ ಸಿಡ್‌ಮತ್ ಪ್ರಭುವೆನಿಸಿದನು. ತನ್ನನ್ನು 6 ಬಾರಿ ಅವಿರೋಧವಾಗಿ ಪಾರ್ಲಿಮೆಂಟಿಗೆ ಆರಿಸಿ ಕಳುಹಿದ ಊರಿಗೆ ಕೃತಜ್ಞತೆಯ ಗುರುತಾಗಿ ಅವನು ಇದನ್ನು ಕಟ್ಟಿಸಿಕೊಟ್ಟನು.

ಇನ್ನೊಂದು ಶಾಸನವನ್ನು ಬರೆಸಿದವರು ಊರಿನ ಪುರಪಿತೃಗಳು. 1753ರ ಜನವರಿ 25, ಗುರುವಾರ, ಪಾಟರ್ನ್ ಎಂಬ ಹಳ್ಳಿಯ ರೂತ್ ಪಿಯರ್ಸ್ ಇನ್ನು ಮೂವರು ಹೆಂಗಸರೊಡನೆ ಕೂಡಿ ಇಲ್ಲಿ ಒಂದು ಮೂಟೆ ಗೋಧಿ ಕೊಳ್ಳಲು ಒಪ್ಪಿದಳು. ವಂತಿಗೆ ಕೂಡಿಸುವಾಗ ಹಣ ಕಡಿಮೆ ಬಿತ್ತು. ಕೇಳಿದರೆ, ತನ್ನ ಪಾಲು ಕೊಟ್ಟಾಗಿದೆ ಎಂದಳು. ಕೊಡದಿದ್ದರೆ ಇಲ್ಲೇ ಸತ್ತುಬೀಳಲಿ ಎಂದು ಆಣೆಯಿಟ್ಟಳು. ಅದನ್ನೇ ಮತ್ತೊಮ್ಮೆ ನುಡಿದಳು. ನೆರೆದವರು ನೋಡುತ್ತಿದ್ದಂತೆ ಕುಸಿದು ಪ್ರಾಣಬಿಟ್ಟಳು. ಮುಚ್ಚಿದ ಮುಷ್ಟಿಯಲ್ಲಿ ಆ ಹಣವಿತ್ತು. ಸುಳ್ಳನ್ನು ಮುಚ್ಚಲು ದೇವರ ಹೆಸರನ್ನು ಕರೆಯುವವರಿಗೆ ಇದು ಎಚ್ಚರಿಕೆಯಾಗಲಿ ಎಂದು ಶಾಸನ ಹೇಳುತ್ತದೆ.

ಪುರಪಿತೃಗಳಿಗೆ ಅದು ದೈವದ ತೀರ್ಪು. ಭಯದಿಂದ ಬಡಿದುಕೊಳ್ಳುವ ಹೃದಯ ಒಮ್ಮೆಲೇ ನಿಂತುಬಿಡುವುದೂ ಉಂಟೆಂದು ಇಂದಿನ ನಾವು ಹೇಳಬಹುದು. ನನಗೆ ಮುಖ್ಯವೆನಿಸುವುದು ಕಲ್ಲು ತಾನರಿಯದೆ ಉಳಿಸಿಕೊಂಡಿರುವ ಸಂಗತಿ. ನಾಲ್ವರು ಹೆಂಗಸರಿಗೆ ಸೇರಿ ಒಂದೇ ಮೂಟೆ ಗೋಧಿ! ಅದೂ ನಡುಚಳಿಗಾಲದಲ್ಲಿ. ಒಬ್ಬಳೇ ಕೊಳ್ಳಬಲ್ಲ ಶಕ್ತಿ ಅವರಲ್ಲಿ ಯಾರಿಗೂ ಇದ್ದಿರಲಾರದು. ಆ ಕಾಸನ್ನು ಅವಳು ಏಕೆ ಬಿಗಿಹಿಡಿದಳೆಂದು ಶಾಸನ ಕೇಳುವುದಿಲ್ಲ; ದುರಾಸೆಯೋ, ಮನೆಯಲ್ಲಿ ಕಾದಿದ್ದ ಬೇರೆ ಯಾವ ಕೊರತೆಯೋ. ಅವಳು ಮಾಡಿದ್ದು ತಪ್ಪು, ನಿಜ. ಆ ಉಳಿದ ಮೂವರೂ ಬಡವರೇ. ಆದರೆ ಒಂದು ಕ್ಷಣದ ಸುಳ್ಳಿಗೆ ಇನ್ನೂರು ವರ್ಷ ದಾಟಿದ ಅಪಕೀರ್ತಿ ಸರಿಯಾದ ತೂಕವೇ?

ಸಿಡ್‌ಮತ್ ಪ್ರಭುವಿಗೆ ಈ ಕಲ್ಲಿನ ಹಂಗಿಲ್ಲ. ಇತಿಹಾಸದ ಪುಟಗಳಲ್ಲಿ ಅವನಿಗೆ ಸ್ಥಳವಿದೆ. ರೂತಳಂಥವರ ಹೆಸರು ಉಳಿಯುವುದೇ ಅಪರೂಪ. ಉಳಿದಾಗ ಅವರ ತಪ್ಪೊಂದೇ ಉಳಿಯುತ್ತದೆ. ಅಂಥ ಶಾಸನಗಳನ್ನು ಓದುವ ನಾವಾದರೂ, ಅದು ಹೇಳದೆ ಬಿಟ್ಟ ಬದುಕನ್ನು ಒಂದು ಗಳಿಗೆ ನೆನೆಯಬೇಕು.