ಸಂಜೆ ಐದಕ್ಕೆ ಬಂದ ಕೂಲಿಯವರು

(ಶತಮಾನೋತ್ಸವದ ಸಿದ್ಧತೆಗಾಗಿ ಏರ್ಪಟ್ಟ ಧ್ಯಾನಕೂಟದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಪ್ರಭು ಯೇಸುಕ್ರಿಸ್ತರು ಹೇಳಿದ ಸಾಮತಿಗಳಲ್ಲಿ ಕೆಲವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಸಮುದ್ರದಲ್ಲಿ ಬಲೆ ಬೀಸುವ ಸಾಮತಿ ಅಂಥದ್ದು. ಕೃಷ್ಣಾ, ಭೀಮಾ, ಡೋಣಿ ನದಿಗಳ ಈ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವನಿಗೆ ಕಡಲೆಂಬುದು ಕೇಳಿ ತಿಳಿದ ಸಂಗತಿ. ಆದರೆ ಸಂತ ಮತ್ತಾಯರ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ತಿಕೋಟಾ ಕಡೆಯವರಿಗೆ ಯಾವ ಪಂಡಿತನೂ ವಿವರಿಸಬೇಕಾಗಿಲ್ಲ. ತೋಟದ ಯಜಮಾನ ಬೆಳಗಿನ ಜಾವಕ್ಕೇ ಎದ್ದು ಆಳುಗಳನ್ನು ಹುಡುಕುವುದೇಕೆ, ಒಂಬತ್ತಕ್ಕೆ ಮತ್ತೆ ಹೋಗುವುದೇಕೆ, ಹನ್ನೆರಡಕ್ಕೆ, ಮೂರಕ್ಕೆ, ಕಡೆಗೆ ಹೊತ್ತು ಇಳಿಯುವ ಐದಕ್ಕೂ ಹೋಗುವುದೇಕೆ ಎಂಬುದು ಅವರಿಗೆ ಗೊತ್ತು. ಹಣ್ಣು ಕಾಯುವುದಿಲ್ಲ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿಗೆ ಚಾಟ್ನಿ ಮಾಡಿ, ವರ್ಷವಿಡೀ ಸಾಲ ಮಾಡಿ ಸಾಕಿದ ತೋಟ ಫೆಬ್ರುವರಿ, ಮಾರ್ಚಿನಲ್ಲಿ ಕೈಗೆ ಬರುತ್ತದೆ. ಗೊನೆಗಳನ್ನು ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ಹರವಿ, ಹದಿನೈದು ದಿನ ಕಾದರೆ ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಆ ದಿನಗಳಲ್ಲಿ ಪಡುವಣದಲ್ಲಿ ಒಂದು ಕರಿಮೋಡ ಕಂಡರೆ ಸಾಕು, ಸಂಜೆ ಐದಕ್ಕೂ ಯಜಮಾನ ಆಳು ಹುಡುಕಿಕೊಂಡು ಓಡುತ್ತಾನೆ.

ಒಂದು ಕುತೂಹಲದ ಸಂಗತಿಯನ್ನು ಇಲ್ಲಿ ಹೇಳಬಹುದು. 1969ರಲ್ಲಿ ಹೊಸ ವಾಚನಕ್ರಮ ಪ್ರಕಟವಾಗುವವರೆಗೆ ಈ ಸಾಮತಿಯನ್ನು ಪ್ರತಿವರ್ಷ ತಪಸ್ಸುಕಾಲಕ್ಕೆ ಮುಂಚಿನ ಒಂದು ಭಾನುವಾರ, ಜನವರಿಯ ಕೊನೆಗೋ ಫೆಬ್ರುವರಿಯಲ್ಲೋ ಓದುತ್ತಿದ್ದರು. ಅಂದರೆ ನಮ್ಮ ತೋಟಗಳಲ್ಲಿ ಕೊಯ್ಲು ಎದುರಿಗಿರುವ ಕಾಲದಲ್ಲೇ ಪೀಠದಿಂದ ದ್ರಾಕ್ಷಿತೋಟದ ಮಾತು ಕೇಳಿಬರುತ್ತಿತ್ತು, ಆದರೆ ಲತೀನಿನಲ್ಲಿ! ಈಗ ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ, ನಮ್ಮದೇ ಭಾಷೆಯಲ್ಲಿ ಕೇಳುತ್ತೇವೆ. ಭಾಷೆ ಹತ್ತಿರ ಬಂದಿತು, ಹಂಗಾಮು ದೂರ ಹೋಯಿತು.

ಸಾಮತಿಯ ಕಥೆ ನಿಮಗೆಲ್ಲ ಗೊತ್ತಿದೆ. ಬೆಳಗಿನವರೊಡನೆ ದಿನಕ್ಕೆ ಒಂದು ನಾಣ್ಯವೆಂದು ಕರಾರು. ಅದು ಆ ನಾಡಿನ ಒಂದು ದಿನದ ಕೂಲಿ. ಸಂಜೆ ಕೂಲಿ ಹಂಚುವಾಗ ಕೊನೆಗೆ ಬಂದವರಿಂದ ಆರಂಭ. ಒಂದೇ ತಾಸು ದುಡಿದವರಿಗೂ ಪೂರ್ತಿ ನಾಣ್ಯ. ದಿನವಿಡೀ ಬಿಸಿಲಲ್ಲಿ ಬೆಂದವರಿಗೂ ಅಷ್ಟೇ. ಅವರು ಗೊಣಗಿದರು. ನಾವು ಸೂಕ್ಷ್ಮವಾಗಿ ಗಮನಿಸಬೇಕು: ತಮಗೆ ಕಡಿಮೆಯಾಯಿತೆಂದು ಅವರು ದೂರುವುದಿಲ್ಲ, ದೂರುವಂತೆಯೂ ಇರಲಿಲ್ಲ. ಆ ಹಿಂದಿನವರನ್ನು ತಮಗೆ ಸಮ ಮಾಡಿದನಲ್ಲಾ ಎಂಬುದೇ ಅವರ ಸಂಕಟ. ಬೆಳಗಿನವರಿಗೇ ಮೊದಲು ಕೊಟ್ಟು ಕಳಿಸಿದ್ದರೆ ಅವರು ತೃಪ್ತರಾಗಿ ಮನೆಗೆ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಯಜಮಾನನು ಬೇಕೆಂದೇ ಅವರನ್ನು ನಿಲ್ಲಿಸಿಕೊಂಡು ನೋಡುವಂತೆ ಮಾಡಿದನು.

ಇದನ್ನು ಪರಲೋಕದ ವಿಷಯವೆಂದು ಹೇಳಿ ಮುಗಿಸುವ ಪ್ರಸಂಗಗಳನ್ನು ನಾವು ಅನೇಕ ಸಲ ಕೇಳಿದ್ದೇವೆ. ಮಹಾ ಸಂತ ಗ್ರೆಗೊರಿಯವರು ಆ ಐದು ಹೊತ್ತುಗಳನ್ನು ಮನುಷ್ಯನ ಬಾಲ್ಯದಿಂದ ಮುಪ್ಪಿನವರೆಗಿನ ವಯಸ್ಸುಗಳಿಗೆ ಹೋಲಿಸಿದ್ದಾರೆ. ಮುಪ್ಪಿನಲ್ಲಿ ದೇವರತ್ತ ತಿರುಗಿದವನಿಗೂ ಅದೇ ಸ್ವರ್ಗ. ಅದು ಸರಿಯೇ. ಆದರೆ ಅಷ್ಟು ಬೇಗ ಮೇಲಕ್ಕೆ ಏರಿಬಿಟ್ಟರೆ ಕೆಳಗಿನ ಒಲೆ ಕಾಣುವುದಿಲ್ಲ. ಒಮ್ಮೆ ತಿಕೋಟಾದ ಹತ್ತಿರದ ಒಂದು ಶೆಡ್ಡಿನಲ್ಲಿ ಗೊನೆ ಬಿಡಿಸುತ್ತಿದ್ದ ಹೆಂಗಸರಿಗೆ ಈ ಕಥೆಯನ್ನು ಹೇಳಿ, ಯಜಮಾನ ಮಾಡಿದ್ದು ಸರಿಯೇ ಎಂದು ಕೇಳಿದೆವು. ಕ್ರೈಸ್ತಳಲ್ಲದ ಒಬ್ಬ ವೃದ್ಧೆ ಕೈ ನಿಲ್ಲಿಸದೆ ಹೇಳಿದಳು: “ಐದಕ್ಕ ಬಂದಾಕಿ ಮನ್ಯಾಗೂ ಒಲಿ ಹಚ್ಚಬೇಕಲ್ರೀ.” ನಾವು ಓದಿದ ಯಾವ ಭಾಷ್ಯವೂ ಅಷ್ಟು ನೇರವಾಗಿ ಹೇಳಿರಲಿಲ್ಲ. ಒಂದು ನಾಣ್ಯವೆಂದರೆ ಒಂದು ಮನೆಯ ಒಂದು ದಿನದ ರೊಟ್ಟಿ. ಕಾಲುಭಾಗ ನಾಣ್ಯಕ್ಕೆ ಕಾಲುಭಾಗ ಮಕ್ಕಳು ಉಣ್ಣುವುದಿಲ್ಲ. ಅನುದಿನದ ಆಹಾರವನ್ನು ಬೇಡಲು ಪ್ರಭು ಕಲಿಸಿದ ಪ್ರಾರ್ಥನೆಯೂ, ಮರಳುಗಾಡಿನಲ್ಲಿ ಹೆಚ್ಚು ಕೂಡಿಸಿದವನಿಗೆ ಮಿಗದೆ ಕಡಿಮೆ ಕೂಡಿಸಿದವನಿಗೆ ಕೊರೆಯಾಗದೆ ಹೋದ ಮನ್ನದ ಕಥೆಯೂ ಇದೇ ಅಳತೆಯವು. ನಮ್ಮ ನಾಡಿಗೂ ಈ ಅಳತೆ ಹೊಸದಲ್ಲ. ಬಸವಣ್ಣನವರ ಕಾಲದ ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದಳೆಂಬ ಕಥೆಯನ್ನು ಈ ಸೀಮೆಯಲ್ಲಿ ಕೇಳದವರಾರು?

ತೋಟದವರು ಒಂದು ಆಕ್ಷೇಪ ಎತ್ತುತ್ತಾರೆ, ಅದರಲ್ಲಿ ಹುರುಳಿದೆ: ಹೀಗೆ ಕೊಟ್ಟರೆ ನಾಳೆ ಬೆಳಿಗ್ಗೆ ಆರಕ್ಕೆ ಯಾರು ಬರುತ್ತಾರೆ? ಪ್ರಭುವು ಕೂಲಿಯ ದರಪಟ್ಟಿಯನ್ನು ಬರೆಯುತ್ತಿರಲಿಲ್ಲ, ನಿಜ. ಆದರೆ ದರಕ್ಕಿಂತ ಮೊದಲಿನ ಸಂಗತಿಯೊಂದಿದೆ. ಕೂಲಿಯವನು ಬಡವನು, ಅದರ ಮೇಲೆಯೇ ಅವನ ಜೀವ. ಆದುದರಿಂದ ಹೊತ್ತು ಮುಳುಗುವ ಮುನ್ನ ಕೂಲಿ ಕೊಡಬೇಕೆಂದು ಧರ್ಮೋಪದೇಶಕಾಂಡ ಕಟ್ಟಳೆ ಮಾಡಿದೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಹೇಳುತ್ತದೆ. 1891ರಲ್ಲಿ 13ನೆಯ ಲಿಯೋ ಜಗದ್ಗುರುಗಳು ತಮ್ಮ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯ ವಿಷಯವನ್ನು ಎತ್ತಿದಾಗ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಹೆಣ್ಣಿಗೂ ಗಂಡಿಗೂ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯಿದೆ ನಮ್ಮ ದೇಶದಲ್ಲಿ 1976ರಲ್ಲೇ ಬಂದಿತು. ಈಗ ನಾವು ನಮ್ಮ ಎದೆ ಮುಟ್ಟಿಕೊಂಡು ಕೇಳಿಕೊಳ್ಳೋಣ: ಭಾನುವಾರ ಪರಮಪ್ರಸಾದ ಸ್ವೀಕರಿಸುವ ನಮ್ಮಲ್ಲಿ ಎಷ್ಟು ಜನ ಮನೆಗೆಲಸದವಳ ಲೆಕ್ಕವನ್ನು “ಮುಂದಿನ ಸಂತೆಗೆ ನೋಡೋಣ” ಎಂದು ತಳ್ಳಿದ್ದೇವೆ? ನಾವೂ ತಳ್ಳಿದ್ದುಂಟು. ಚಿಲ್ಲರೆ ಇಲ್ಲವೆಂಬುದು ನಮ್ಮ ನೆಪವಾಗಿತ್ತು.

ವಿಜಯಪುರ ನಗರದಲ್ಲಿ ಬೆಳಿಗ್ಗೆ ಬುತ್ತಿಗಂಟು, ಸಲಿಕೆ ಹಿಡಿದು ರಸ್ತೆ ಕೂಡುವಲ್ಲಿ ನಿಂತವರನ್ನು ನೋಡಿರಿ. ಹತ್ತು ಗಂಟೆಗೂ ಅಲ್ಲಿಯೇ ನಿಂತವರು ಸೋಮಾರಿಗಳೆಂದು ನಾವು ಹೇಳುತ್ತೇವೆ. ಯಜಮಾನನೂ ಹಾಗೆಯೇ ಕೇಳಿದ್ದನು. ನಮ್ಮನ್ನು ಯಾರೂ ಕರೆಯಲಿಲ್ಲ ಎಂಬ ಉತ್ತರ ಬಂದಿತು. ಕರೆಯದೆ ಉಳಿಯುವವರು ಯಾರು? ಮುದುಕರು, ಕಾಲು ಕುಂಟುವವರು, ಕಂಕುಳಲ್ಲಿ ಕೂಸಿದ್ದವರು. ಉಳಿದವರು ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಪುಣೆಗೋ ಗುಳೆ ಹೋಗಿರುತ್ತಾರೆ. ಬಬಲೇಶ್ವರದ ಕಡೆ ಕೃಷ್ಣೆಯ ನೀರು ಏತ ನೀರಾವರಿಯಿಂದ ಏರಿ ಬಂದಿದೆ. ಕಾಲುವೆ ಎಂದ ಮೇಲೆ ತಲೆಯ ಕಡೆಯ ಹೊಲದವನಿಗೆ ನೀರು ಮೊದಲು ಮುಟ್ಟುತ್ತದೆ, ಬಾಲದ ಕಡೆಯವನು ಕಾಯಬೇಕು. ಮೊದಲು ಮುಟ್ಟಿತೆಂಬ ಕಾರಣಕ್ಕೆ ನೀರೆಲ್ಲ ತನ್ನದೆಂದು ತಿಳಿಯುವುದು ಎಷ್ಟು ಸುಲಭವೆಂದು ಹೊಲವುಳ್ಳವರೇ ಬಲ್ಲರು.

ಈ ಮಾತು ನಮ್ಮನ್ನು ಶತಮಾನೋತ್ಸವಕ್ಕೆ ತರುತ್ತದೆ. ಸಾಮತಿಯ ಹಿಂದುಮುಂದನ್ನು ಓದಿರಿ. ಹಿಂದೆ, ಎಲ್ಲವನ್ನೂ ಬಿಟ್ಟು ಬಂದ ನಮಗೆ ಏನು ಸಿಗುತ್ತದೆಂದು ಪೇತ್ರರು ಕೇಳಿದ್ದಾರೆ. ಮುಂದೆ, ಜೆಬೆದಾಯನ ಮಕ್ಕಳ ತಾಯಿ ಬಂದು ತನ್ನ ಇಬ್ಬರಿಗೂ ಎಡಬಲದ ಪೀಠಗಳನ್ನು ಕೇಳುತ್ತಾಳೆ. ಮೊದಲು ಬಂದವರ ಈ ಎರಡು ಬೇಡಿಕೆಗಳ ನಡುವೆ ಸಿಕ್ಕಿಕೊಂಡಿದೆ ಈ ಸಾಮತಿ. ನೂರು ವರ್ಷ ತುಂಬಿದ ಯಾವ ಧರ್ಮಕೇಂದ್ರದಲ್ಲಿ ಆ ಎರಡು ಬೇಡಿಕೆಗಳು ಕೇಳಿಬರುವುದಿಲ್ಲ? ನಮ್ಮ ಅಜ್ಜ ಇಟ್ಟಿಗೆ ಹೊತ್ತವನು, ನಮ್ಮದು ಮೊದಲ ಮನೆತನ ಎನ್ನುವವರಿದ್ದಾರೆ. ಅವರ ಶ್ರಮಕ್ಕೆ ನಾವು ಋಣಿಗಳು, ಆ ಬಿಸಿಲು ಸುಳ್ಳಲ್ಲ. ನೌಕರಿಗಾಗಿ ಕರಾವಳಿಯಿಂದಲೋ ಕೇರಳದಿಂದಲೋ ಬಂದವರನ್ನು, ನಿನ್ನೆ ಮೊನ್ನೆ ಜ್ಞಾನಸ್ನಾನ ಪಡೆದವರನ್ನು, ಕಟ್ಟಡದ ಕೆಲಸ ಮುಗಿದೊಡನೆ ಬೇರೆ ಊರಿಗೆ ಹೊರಡುವವರನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿ “ಇವರು ನಮ್ಮವರಲ್ಲ” ಎಂದು ಪಿಸುಗುಟ್ಟುವುದೂ ಸುಳ್ಳಲ್ಲ. ಗೋಳಗುಮ್ಮಟದಲ್ಲಿ ಪಿಸುಮಾತು ಆಚೆಯ ಗೋಡೆಗೆ ಕೇಳುತ್ತದೆಂದು ಪ್ರವಾಸಿಗಳಿಗೆ ತೋರಿಸುವ ನಾವು, ದೇವಾಲಯದಲ್ಲಿ ಕೇಳುವುದಿಲ್ಲವೆಂದು ಹೇಗೆ ನಂಬಿದೆವೋ!

ಮೊದಲಿಗರೆಂಬ ಲೆಕ್ಕವನ್ನೇ ಹಿಡಿದರೂ ನಮಗೆ ಲಾಭವಿಲ್ಲ. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಅದಕ್ಕಿಂತ ನಾವು ಹಳಬರೆಂದು ಬೀಗಬಹುದು. ಆದರೆ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೇ ಕ್ರೈಸ್ತರಿದ್ದಾರೆ. ಅವರೆದುರು ನೂರು ವರ್ಷದ ನಾವು ಮಧ್ಯಾಹ್ನ ಮೂರಕ್ಕೆ ಬಂದವರು. ಪೇತ್ರರೆದುರು ಮುದಗಲ್ಲಿನವರೂ ತಡವಾಗಿ ಬಂದವರೇ.

ಉತ್ಸವ ಸಮಿತಿಯವರಲ್ಲಿ ನಮ್ಮದು ಎರಡು ವಿನಂತಿ. ಕಾಣಿಕೆಯ ಮೆರವಣಿಗೆಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪೀಠಕ್ಕೆ ಒಯ್ಯಲು ಈ ವರ್ಷವೇ ನಮ್ಮನ್ನು ಸೇರಿದ ಮನೆಯೊಂದನ್ನು ಕರೆಯಿರಿ. ಹಳೆಯ ಮನೆತನದವರು ಅವರ ಹಿಂದೆ ನಡೆಯಲಿ. ಇನ್ನೊಂದು, ಅಂದು ಪೆಂಡಾಲು ಹಾಕಿದವರು, ಅಡಿಗೆ ಮಾಡಿದವರು, ಪಾತ್ರೆ ತೊಳೆದ ಹೆಂಗಸರು, ಇವರೆಲ್ಲರ ಕೂಲಿಯನ್ನು ಅಂದೇ, ಹೊತ್ತು ಮುಳುಗುವ ಮುನ್ನ, ಲೆಕ್ಕಮಾಡಿ ಕೈಗೆ ಕೊಡಿರಿ. ಚಿಲ್ಲರೆಯನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಿರಿ.