ಉಪ್ಪು ಕರಗುವ ಬಗೆ ಮತ್ತು ಸವಳು ಮಣ್ಣಿನ ಸುಧಾರಣೆ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗಗಳಲ್ಲಿ ತಗ್ಗಿನ ಹೊಲಗಳು ಸವಳಾಗಿರುವುದನ್ನು ತಾವು ಕಂಡಿದ್ದೀರಿ. "ಜಿಪ್ಸಂ ಹಾಕಿದ್ದು ದಂಡ ಆತ್ರೀ, ಸಾಹೇಬ್ರ" ಎಂದು ರೈತರೊಬ್ಬರು ನನ್ನ ಬಳಿ ನೊಂದುಕೊಂಡರು. ಹೋಗಿ ನೋಡಿದರೆ ಹೊಲಕ್ಕೆ ಬಸಿಗಾಲುವೆಯೇ ಇರಲಿಲ್ಲ. ತಪ್ಪು ಜಿಪ್ಸಮ್ಮಿನದಲ್ಲ. ಉಪ್ಪು ಕರಗುವ ಬಗೆ ತಿಳಿದರೆ ಇದು ಅರ್ಥವಾಗುತ್ತದೆ.

ಅಡುಗೆ ಉಪ್ಪಿನ ಹರಳಿನಲ್ಲಿ ಧನ ವಿದ್ಯುದಂಶದ ಸೋಡಿಯಂ ಮತ್ತು ಋಣ ವಿದ್ಯುದಂಶದ ಕ್ಲೋರೈಡ್ ಅಯಾನುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರಿನ ಅಣುವಿನ ಒಂದು ಬದಿ ಅಲ್ಪ ಧನ, ಇನ್ನೊಂದು ಬದಿ ಅಲ್ಪ ಋಣ. ಋಣ ಬದಿಗಳು ಸೋಡಿಯಮ್ಮನ್ನೂ ಧನ ಬದಿಗಳು ಕ್ಲೋರೈಡನ್ನೂ ಸುತ್ತುವರಿದು ಬಿಡಿಸಿಬಿಡುತ್ತವೆ. ಹೀಗೆ ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಉಪ್ಪು ಕರಗುತ್ತದೆ. ಜಿಪ್ಸಮ್ಮಿನ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಅಯಾನುಗಳ ವಿದ್ಯುದಂಶ ಇಮ್ಮಡಿ, ಹಿಡಿತವೂ ಹೆಚ್ಚು. ಆದ್ದರಿಂದ ಲೀಟರಿಗೆ ಸುಮಾರು 2.5 ಗ್ರಾಂ ಮಾತ್ರ ಕರಗುತ್ತದೆ.

ಬರೀ ಉಪ್ಪು ಸೇರಿದ ಸವಳು ಮಣ್ಣನ್ನು ಒಳ್ಳೆಯ ನೀರಿನಿಂದ ತೊಳೆದರೆ ಸಾಕು. ಕ್ಷಾರ ಮಣ್ಣಿನ ಸಂಗತಿ ಬೇರೆ. ಅಲ್ಲಿ ಸೋಡಿಯಂ ಜೇಡಿಕಣಗಳಿಗೆ ಅಂಟಿರುತ್ತದೆ. ಕಣಗಳು ಚದುರಿ ರಂಧ್ರಗಳು ಮುಚ್ಚಿಹೋಗುತ್ತವೆ, ನೀರು ಇಂಗುವುದಿಲ್ಲ. ರಸಸಾರ ಸಾಮಾನ್ಯವಾಗಿ 8.5ಕ್ಕಿಂತ ಹೆಚ್ಚಿರುತ್ತದೆ. ಇಲ್ಲಿ ಕರಗಿದ ಜಿಪ್ಸಮ್ಮಿನ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಮ್ಮನ್ನು ಸ್ಥಾನಪಲ್ಲಟ ಮಾಡುತ್ತದೆ. ಬಿಡುಗಡೆಯಾದ ಸೋಡಿಯಂ ಸಲ್ಫೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಅದು ಹೊಲದಿಂದ ಹೊರಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಬೇಸಿಗೆಯಲ್ಲಿ ನೀರು ಆವಿಯಾಗಿ, ಉಪ್ಪು ಮತ್ತೆ ಮೇಲೇರಿ ಬಿಳಿ ಪದರವಾಗುತ್ತದೆ. ಆ ರೈತರ ಹೊಲದಲ್ಲಿ ಆದದ್ದೂ ಇದೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಜಿನ ಶೀಸೆಯಲ್ಲಿ ಮಳೆನೀರು ತುಂಬಿ, ಒಂದು ಹಿಡಿ ಮಣ್ಣು ಹಾಕಿ ಕುಲುಕಿ ಒಂದು ದಿನ ಬಿಡಿ. ನೀರು ತಿಳಿಯಾದರೆ ಬರೀ ಸವಳು ಇರಬಹುದು. ಬಗ್ಗಡವಾಗಿಯೇ ಉಳಿದರೆ ಕ್ಷಾರವೆಂದು ಸಂಶಯಪಡಿ. ನಿರ್ಧಾರಕ್ಕೆ ಮಾತ್ರ ಮಣ್ಣು ಪರೀಕ್ಷೆಯೇ ಆಧಾರ.

ಅನುಸರಿಸಬೇಕಾದ ಕ್ರಮ:
1. ಮೊದಲು ಬಸಿಗಾಲುವೆ ತೋಡಿ, ಹೊಲವನ್ನು ಸಮತಟ್ಟು ಮಾಡಿ.
2. ಮಣ್ಣು ಪರೀಕ್ಷೆ ಹೇಳಿದಷ್ಟು ಜಿಪ್ಸಂ ಪುಡಿಯನ್ನು ಮೇಲ್ಮಣ್ಣಿನಲ್ಲಿ ಬೆರೆಸಿ.
3. ಬದು ಹಾಕಿ ಒಳ್ಳೆಯ ನೀರು ನಿಲ್ಲಿಸಿ, ಇಂಗಿ ಬಸಿದುಹೋಗಲು ಬಿಡಿ. ಜಿಪ್ಸಂ ನಿಧಾನವಾಗಿ ಕರಗುವುದರಿಂದ ಇದನ್ನು ಹಲವು ಸಲ ಮಾಡಬೇಕು.
4. ಅನಂತರ ಡಯಾಂಚ ಹಸಿರುಗೊಬ್ಬರ ಬೆಳೆಸಿ ಮಣ್ಣಿಗೆ ಸೇರಿಸಿ, ಭತ್ತ ನಾಟಿ ಮಾಡಿ.

ಜಿಪ್ಸಂ ಕೊಳ್ಳುವ ಮುನ್ನ ಗುದ್ದಲಿ ಹಿಡಿಯಿರಿ ಎಂಬುದೇ ನನ್ನ ವಿನಂತಿ.